ಬಸರಿಗೇರಿಗೆ ಬಂದವರು ಏನು ಮಾಡಬೇಕು

ಇಳಕಲ್ಲ
28 ಏಪ್ರಿಲ್ 2024

ವೈನಿಯವರಿಗೆ ಜಯಶ್ರೀಯ ನಮಸ್ಕಾರಗಳು.

“ನೀರು ಹಿಡಿಯಲು ಹೋಗಬೇಡ...” ಇದರ ಮುಂದೆ ಏನೋ ಇತ್ತು, ವೈನಿ. ಮೂರು ದಿನದಿಂದ ಈ ಅರ್ಧ ಸಾಲು ತಲೆಯೊಳಗೆ ತಿರುಗುತ್ತಿದೆ. ಯಾವುದೋ ಕವಿತೆಯದಿರಬೇಕೆಂದು ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆ. ಸಿಗಲಿಲ್ಲ. ಆಮೇಲೆ ಅನುಮಾನ ಬಂತು, ಇದು ಓದಿದ್ದೋ ಕೇಳಿದ್ದೋ? ಕಿವಿಯಲ್ಲಿ ಅಣ್ಣನ ದನಿ ಇದ್ದಂತಿದೆ. ಆದರೆ ಆ ಮಾತು ನಿಜವೇ? ನಮ್ಮೂರ ಹೆಂಗಸರು ಎಳೆ ವಯಸ್ಸಿನಿಂದ ಕೊಡದಲ್ಲಿ ನೀರು ಹಿಡಿದು ತಲೆಯ ಮೇಲೆ ಹೊತ್ತವರು. ಅವರಿಗೆ ಹಿಡಿಯಬೇಡ ಎಂದರೆ ಏನರ್ಥ? ಉಳಿದ ಅರ್ಧ ನಿಮಗೆ ನೆನಪಿದ್ದರೆ ತಿಳಿಸಿ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಿಮ್ಮಲ್ಲಿ ಕೆರೆಯ ಏರಿ ಹತ್ತಿದರೆ ಮಾತ್ರ ಸಿಗ್ನಲ್. ಅಲ್ಲಿ ನಿಂತು ಮಾತಾಡಿದರೆ ಅರ್ಧ ಊರೇ ಉತ್ತರ ಕೊಡುತ್ತದೆ ಎಂದು ನೀವೇ ಬೈದಿದ್ದಿರಿ. ಹೀಗಾಗಿ ರಾತ್ರಿ ನಿಮ್ಮೂರಲ್ಲಿ ಉಳಿದು ಬೆಳಿಗ್ಗೆ ಇಳಕಲ್ಲಿಗೆ ಮರಳುವ ವಸ್ತಿ ಬಸ್ಸೇ ನಮ್ಮ ಅಂಚೆ, ಅದರ ಕಂಡಕ್ಟರ್ ಅಮಸಿದ್ದಪ್ಪನೇ ನಮ್ಮ ಅಂಚೆಯವನು.

ಮುಖ್ಯ ಮಾತು ಬೇರೆ. ಶಿರೂರಿನಿಂದ ನಿಮ್ಮ ತಮ್ಮ ಮಾಳಿಂಗರಾಯ ಮತ್ತೆ ಹೇಳಿ ಕಳಿಸಿದ್ದಾನಂತೆ. ಜೂನಿನ ಮಿರಗ ಮಳೆ ಕೂಡುವುದರೊಳಗೆ ಅಕ್ಕ ಮನೆಗೆ ಕೀಲಿ ಹಾಕಿ ನಮ್ಮಲ್ಲಿಗೆ ಬಂದುಬಿಡಲಿ, ಕೆರೆ ದಂಡೆಯಲ್ಲಿ ಒಬ್ಬಳೇ ಯಾಕಿರಬೇಕು ಎಂದು. ಅಮಸಿದ್ದಪ್ಪ ಟಿಕೆಟ್ ಹರಿಯುತ್ತ ಹರಿಯುತ್ತಲೇ ಇದನ್ನು ಹೇಳಿದ. ನೀವು ಏನೆಂದಿರೋ ಅವನಿಗೂ ಗೊತ್ತಿಲ್ಲ. ಅಣ್ಣ ಹೃದಯಾಘಾತದಲ್ಲಿ ಹೋಗಿ ಎರಡು ವರ್ಷವಾಯಿತು. ಅಷ್ಟು ದಿನ ಒಬ್ಬರೇ ಇದ್ದೀರಿ. ಹೋಗಬೇಡಿ ಎನ್ನುವ ಹಕ್ಕು ನನಗಿಲ್ಲ. ಹೋಗುವ ಮೊದಲು ಒಂದು ಪ್ರಯತ್ನ ಮಾಡೋಣವೇ?

ನನ್ನ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ನಾಗರತ್ನಾ, ಅವಳ ಅಕ್ಕ ಶೀಲಾ, ನಾಗರತ್ನಾಳ ಇಬ್ಬರು ಹೆಣ್ಣುಮಕ್ಕಳು ಜೂನ್ ಒಂದು, ಎರಡಕ್ಕೆ ಎಲ್ಲಾದರೂ ಹೋಗಬೇಕೆಂದಿದ್ದಾರೆ. ಬಾದಾಮಿ, ಪಟ್ಟದಕಲ್ಲು ನೋಡಿ ನೋಡಿ ಮುಗಿದಿದೆ. ಬೋರ್ಡು ಇಲ್ಲದ, ಟಿಕೆಟ್ ಇಲ್ಲದ ಒಂದು ಕೆರೆ ಬೇಕಂತೆ. ಬಸರಿಗೇರಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿ, ಮಾಳಿಗೆಯ ಖೋಲಿ ಖಾಲಿಯೇ ಇವೆ. ಇವರಿಗೆ ಹಿಡಿಸಿದರೆ ಇನ್ನೊಬ್ಬರಿಗೆ ಹೇಳುತ್ತಾರೆ. ಮನೆಯಲ್ಲಿ ಜನರ ಸಪ್ಪಳ ಇದ್ದರೆ ಒಬ್ಬರೇ ಎನ್ನುವ ಮಾತೇ ಬರುವುದಿಲ್ಲ.

ಬೇಸಿಗೆಯ ಕೊನೆಗೆ ಬಸರಿಗೇರಿಗೆ ಬಂದವರು ಏನೇನು ಮಾಡಬಹುದು ಎಂದು ಒಂದು ಪಟ್ಟಿ ಮಾಡಿದ್ದೇನೆ. ಮೊದಲಿಗೆ ಅಣ್ಣನ ಹರಗೋಲಿನಲ್ಲಿ ಒಂದು ಸುತ್ತು. ಮಕ್ಕಳು ದಂಡೆಯ ತೆಳುನೀರಿನಲ್ಲಿ ಈಜು ಕಲಿಯುವುದು, ಅಣ್ಣ ಪ್ರತಿ ಬೇಸಿಗೆ ಊರ ಮಕ್ಕಳಿಗೆ ಕಲಿಸುತ್ತಿದ್ದ ಹಾಗೆ. ಮಧ್ಯಾಹ್ನ ಬಸರಿ ಮರದ ಕೆಳಗೆ ಕಥೆ. ಸಂಜೆ ಏರಿಯ ಮೇಲೆ ಕುಳಿತು, ಕೆಂಪು ಗುಡ್ಡ ನೀರಿನಲ್ಲಿ ಬೀಳುವುದನ್ನು ನೋಡುತ್ತ ಕವಿತೆ ಓದುವುದು. ಹೇಗಿದೆ?

ನಿಮ್ಮ
ಜಯಶ್ರೀ


ಬಸರಿಗೇರಿ
2 ಮೇ 2024

ಚಿರಂಜೀವಿ ಜಯಶ್ರೀಗೆ ಸತ್ಯವ್ವನ ಆಶೀರ್ವಾದ.

ನಿನ್ನ ಪಟ್ಟಿ ಬಾಜೂ ಮನಿ ಗುಲಾಬಬಿಗೆ ಓದಿ ಹೇಳಿದೆ. ನಕ್ಕು ನಕ್ಕು ಸೆರಗು ಬಾಯಾಗ ತುರಕೊಂಡಳು. “ನಿಮ್ಮ ನಾದಿನಿ ಭಾಳ ಓದ್ಯಾಳವ್ವಾ, ಆಕಿಗೆ ಗುಂಗಾಡ ಕಾಣಂಗಿಲ್ಲ” ಅಂದಳು. ಖರೆ ಐತಿ. ಈ ದಿನದಾಗ ಸಂಜಿಕ ಏರಿ ಮ್ಯಾಲ ಕುಂತು ಕವಿತಾ ಓದಾಕ ಬಾಯಿ ತೆಗದ್ರ ಮೊದಲ ಸಾಲಿಗೆ ನಾಕ ಗುಂಗಾಡ ಒಳಗ ಹೋಗ್ತಾವ. ಗುಡ್ಡಾ ನೀರಾಗ ಬೀಳತೈತಿ ಅಂದಿ. ಯಾವ ನೀರಾಗ? ಕೆರಿ ಅರ್ಧ ಹಿಂದ ಸರದೈತಿ. ದಂಡಿ ಅಂತ ನೀ ನೆನಪಿಟ್ಟಿದ್ದ ಜಾಗಾದಾಗ ಈಗ ಇಬ್ರಾಹಿಂಸಾಬ ಸೌತಿಕಾಯಿ ಬಳ್ಳಿ ಹಾಕ್ಯಾನ. ಹೆಂಡತಿ ನಿನ್ನ ಪಟ್ಟಿಗೆ ನಗತಾಳ, ಗಂಡ ಬ್ಯಾಸಗಿಯೊಳಗ ಕೆರಿ ಅಂಗಳದಾಗ ಸೌತಿಕಾಯಿ, ಮಳಿಗಾಲದಾಗ ಅದ ಜಾಗಾದಾಗ ಮೀನ ಹಿಡಿತಾನ.

ನಾ ಒಂದ ಪಟ್ಟಿ ಹೇಳ್ತೇನಿ, ಬರಕೋ. ಬಂದವ್ರು ಬೆಳಕ ಹರಿಯೂದ್ರಾಗ ಏಳಬೇಕು. ಎಂಟರ ನಂತರ ಬಿಸಲಾಗ ನಿಂದ್ರಾಕ ಆಗಂಗಿಲ್ಲ. ಕೆರ್‍ಯಾಗ ಹೂಳ ತಗಿಯೂದು ನೋಡಬಹುದು, ಮೈಗೆ ಮಣ್ಣ ಹತ್ತಿದ್ರ ನಡೀತೈತಿ ಅನ್ನೂವ್ರು ತಾವೂ ಒಂದೆರಡ ಬುಟ್ಟಿ ಹೇರಬಹುದು. ಕಪ್ಪ ಬೆಣ್ಣಿ ಇದ್ದಂಗ ಐತಿ ಮಣ್ಣು. ನಮ್ಮ ಕುರುಬರು ಉಣ್ಣಿ ಕತ್ತರಸೂದಕ್ಕ ಮೊದಲ ಕುರಿ ಮೈ ತೊಳಿಯಾಕ ಕೆರಿಗೆ ಹೊಡಕೊಂಡ ಬರ್ತಾರ. ಒಂದೊಂದ ಕುರಿ ನೀರಿಗೆ ಬರೂದಿಲ್ಲ ಅಂತ ಹಟಾ ಮಾಡತೈತಿ, ಅದನ್ನ ನೋಡಿ ಮಕ್ಕಳು ನಗತಾವ. ಬಳ್ಳಿ ಮ್ಯಾಲಿನ ಸೌತಿಕಾಯಿ ಹರಕೊಂಡು ಅಲ್ಲೆ ಉಪ್ಪ ಹಚಗೊಂಡು ತಿನ್ನೂದು. ಆಮ್ಯಾಲ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಾವಿನಹಣ್ಣಿನ ಸೀಕರಣಿ. ಹನ್ನೆರಡರಿಂದ ನಾಕರತನಕ ಮಕ್ಕೊಳ್ಳೂದು. ಇದನ್ನ ಪಟ್ಟಿಯೊಳಗ ದೊಡ್ಡದಾಗಿ ಬರಿ, ಯಾಕಂದ್ರ ಶಹರದವ್ರಿಗೆ ಇದೊಂದ ಬರೂದಿಲ್ಲ.

ಹರಗೋಲಿನ ಮಾತು ಸದ್ಯ ಬ್ಯಾಡ. ಅಂಗಳದಾಗ ಡಬ್ಬ ಹಾಕಿದ್ದು ಹಂಗ ಐತಿ. ಮಕ್ಕಳನ್ನ ನೀರಿಗಿಳಸೂ ಮಾತಂತೂ ಎತ್ತಬ್ಯಾಡ. ನಿಮ್ಮಣ್ಣಾರಿದ್ರು, ಇಳಸತಿದ್ರು. ಈಗ ಯಾವದರ ಕೂಸು ಮುಣಗಿದ್ರ ತೆಗಿಯಾವ್ರು ಯಾರು? ಮೂವತ್ತ ವರ್ಷ ಕೆರಿ ದಂಡಿ ಮ್ಯಾಲ ಬಾಳೇವು ಮಾಡೇನಿ, ಮೊಣಕಾಲಿನ ಮ್ಯಾಲ ನೀರು ಕಂಡಾಕಿ ಅಲ್ಲ ನಾನು.

ಮಾಳಿಂಗರಾಯಗ ನಾ ಇನ್ನ ಹೂಂ ಅಂದಿಲ್ಲ, ಊಂಹೂಂ ಅಂದಿಲ್ಲ. ಎದರ ಮನಿ ದಾನಮ್ಮ ಮಾತ್ರ ದಿನಾ ಬಾಗಲಾಗ ನಿಂತು ಕೇಳ್ತಾಳ, “ಯಾವಾಗ ಹೊಂಟಿ? ಗಂಡ ಹೋದ ಮ್ಯಾಲ ಒಬ್ಬಾಕಿಗೆ ಕೆರಿ ದಂಡ್ಯಾಗ ಏನ ಕೆಲಸ?” ಅಂತ. ಆಕಿಗೆ ಒಂದ ಬಟ್ಟಲ ಸೀಕರಣಿ ಕೊಟ್ಟು ಬಾಯಿ ಮುಚ್ಚೇನಿ.

ನಿನ್ನ ಅರ್ಧ ಸಾಲಿನ ಉಳದ ಅರ್ಧ ನನಗ ಗೊತ್ತೈತಿ. ಈಗ ಹೇಳಂಗಿಲ್ಲ. 

ಒಂದ ಕೆಲಸ ಮಾಡು. ನಿನ್ನ ಹಳೇ ಚೂಡಿದಾರ ಯಾವದರ ಸಡಲಿದ್ದದ್ದು ಇದ್ರ ಅಮಸಿದ್ದಪ್ಪನ ಕೈಯಾಗ ಕಳಸು. ಕೂಲಿಗೆ ಬರೂ ಒಬ್ಬ ಹೆಣ್ಣಮಗಳಿಗೆ ಬೇಕಾಗೈತಿ.

ನಿನ್ನ ವೈನಿ
ಸತ್ಯವ್ವ


ಇಳಕಲ್ಲ
6 ಮೇ 2024

ವೈನಿ,

ನಿಮ್ಮ ಪಟ್ಟಿಯನ್ನು ನಾಗರತ್ನಾಳಿಗೆ ಓದಿ ಹೇಳಿದೆ. ಮಲಗುವ ಮಾತು ಕೇಳಿದ ಕೂಡಲೇ ಬರುವುದು ಪಕ್ಕಾ ಎಂದಳು. ನನ್ನ ಪಟ್ಟಿ ಹರಿದು ಹಾಕಿದೆ. ಗುಲಾಬಬಿಗೆ ಹೇಳಿ, ಇನ್ನು ಮುಂದೆ ಗುಂಗಾಡಗಳನ್ನು ಲೆಕ್ಕಕ್ಕೆ ಹಿಡಿದೇ ಕವಿತೆ ಓದುತ್ತೇನೆ ಎಂದು.

ಹಸಿರು ಚೂಡಿದಾರ ಕಳಿಸಿದ್ದೇನೆ. ನಾನು ದಪ್ಪಗಿದ್ದಾಗ ಹೊಲಿಸಿದ್ದು. ಬಣ್ಣ ಸ್ವಲ್ಪ ಹೋಗಿದೆ, ಬಟ್ಟೆ ಗಟ್ಟಿಯಿದೆ. ಜೊತೆಗೆ ಅಮೀನಗಡದ ಕರದಂಟು ಇದೆ, ಅದು ಕೂಲಿಯವಳಿಗಲ್ಲ, ನಿಮಗೆ.

ಒಂದು ಮಾತು ಕೇಳಲೇ? ಹರಗೋಲಿನ ಹೆಸರೆತ್ತಿದ್ದಕ್ಕೆ ಬೇಜಾರಾಯಿತೇ? ಅಣ್ಣ ಅದನ್ನು ಡಬ್ಬ ಹಾಕಿ ಅದರ ಮೇಲೆ ಕೂತು ಚಹ ಕುಡಿಯುತ್ತಿದ್ದುದು ನನ್ನ ಕಣ್ಣಲ್ಲೇ ಇದೆ. ನೀವು ಅದನ್ನು ದಿನಾ ನೋಡುತ್ತೀರಿ ಎನ್ನುವುದು ನನಗೆ ಹೊಳೆಯಲಿಲ್ಲ. ಕ್ಷಮಿಸಿ.

ಉಳಿದ ಅರ್ಧ ಸಾಲನ್ನು ಯಾಕೆ ಮುಚ್ಚಿಡುತ್ತೀರಿ? ನನ್ನಿಂದ ತಡೆಯಲಾಗುತ್ತಿಲ್ಲ.

ಜಯಶ್ರೀ


ಬಸರಿಗೇರಿ
11 ಮೇ 2024

ಜಯಶ್ರೀ,

ಚೂಡಿದಾರ ಮುಟ್ಟಿತು. ಆಕಿಗೆ ಸರಿ ಆತು, ತೋಳು ಒಂದೀಟ ಬಿಗಿ. ಬಿಚ್ಚಿ ಹೊಲದ್ರ ಆಕ್ಕೈತಿ.

ರಟ್ಟಿ, ತೋಳು ಭಾಳ ನೋಯಾಕತ್ತಾವ, ಜಾಸ್ತಿ ಬರಿಯಾಕ ಆಗವಲ್ದು. ಜ್ವರಾ ಅಲ್ಲ. ದವಾಖಾನಿ ಅಂತ ಗದ್ದಲಾ ಎಬ್ಬಸಬ್ಯಾಡ. ಮುಂಜಾನಿ ಏಳರತನಕ ನಾ ಮನ್ಯಾಗ ಇರಂಗಿಲ್ಲ, ಇಬ್ರಾಹಿಂಸಾಬನ ಫೋನಿಗೆ ಹಚ್ಚಬ್ಯಾಡ. ನಾಗರತ್ನಾಬಾಯಾರು ಜೂನ್ ಒಂದಕ್ಕ ಬರಲಿ, ಅದಕ್ಕಿಂತ ಮೊದಲ ಯಾರೂ ಬರೂದು ಬ್ಯಾಡ. ನೀನೂ.

ಹರಗೋಲಿನ ಸಲುವಾಗಿ ನನಗ ಸಿಟ್ಟಿಲ್ಲ.

ಬೀರಪ್ಪ ದೇವರು ನಡಸಿದಂಗ ಆಗಲಿ.

ಸತ್ಯವ್ವ


ಇಳಕಲ್ಲ
18 ಮೇ 2024, ಶನಿವಾರ

ವೈನಿ,

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬಂದರೆ ತಿಳಿದುಕೊಳ್ಳಿ.

ಇವತ್ತು ಬೆಳಿಗ್ಗೆ ಅಮಸಿದ್ದಪ್ಪ ನಿಮ್ಮ ಚೀಟಿ ಇಲ್ಲ ಎಂದು ಹೇಳಿಯೂ ನನ್ನೆದುರೇ ನಿಂತುಕೊಂಡ. “ಅಕ್ಕಾರ, ಹೇಳಬೇಕೋ ಬ್ಯಾಡೋ ಅಂತ ನಾಕ ದಿನಾ ಆತ್ರಿ” ಎಂದ. ಏನು ಎಂದರೆ ಟಿಕೆಟ್ ಚೀಲದ ಗುಂಡಿ ಹಾಕಿದ, ತೆಗೆದ. ಆಮೇಲೆ ಹೇಳಿದ. ಅವನು ಬೆಳಗಿನ ಜಾವ ಬಸ್ಸಿನ ಕನ್ನಡಿ ಒರೆಸುವಾಗ ನೀವು ಕೆರೆಯ ಕಡೆ ಹೋಗುತ್ತೀರಂತೆ. ಒಂದು ದಿನವಲ್ಲ, ನಾಲ್ಕು ದಿನ. ಹೋಗುವ ಮೊದಲು ಗುಲಾಬಬಿಯ ಬಾಗಿಲಲ್ಲಿ ನಿಂತು ಕಿವಿಯ ಬೆಂಡೋಲಿ ಬಿಚ್ಚಿ ಅವಳ ಕೈಗೆ ಕೊಡುತ್ತೀರಂತೆ. “ಆಮ್ಯಾಲ ಒಬ್ರ ಇಳದು ಹೋಗ್ತಾರ್ರಿ. ನನಗ ಐದೂವರಿಗೆ ಗಾಡಿ ಬಿಡಬೇಕ್ರಿ, ಮುಂದ ನೋಡಾಕ ಆಗಲಿಲ್ಲ” ಎಂದ.

ಬೆಂಡೋಲಿ ನಿಮ್ಮ ಅವ್ವನವು. ಅಣ್ಣನ ಆಪರೇಷನ್ನಿಗೆ ಹಣ ಸಾಲದಾಗಲೂ ಅವನ್ನು ಕಿವಿಯಿಂದ ತೆಗೆದವರಲ್ಲ ನೀವು.

ಮನೆಗೆ ಹೋಗಿ ನಿಮ್ಮ ಹಿಂದಿನ ಚೀಟಿ ತೆಗೆದು ಓದಿದೆ, ಸಂಜೆ ಬಸ್ಸಿನ ಹೊತ್ತಿಗೆ ಮತ್ತೆ ಇಲ್ಲಿಗೆ ಬಂದೆ. ನೀನೂ ಬರಬೇಡ ಎಂದಿದ್ದೀರಿ. ಮೈ ನೋವು ಎಂದಿದ್ದೀರಿ. ಬೀರಪ್ಪ ನಡೆಸಿದಂತೆ ಆಗಲಿ ಎಂದಿದ್ದೀರಿ. ಮೊದಲ ಸಲ ಓದಿದಾಗ ಇದೆಲ್ಲ ನನಗೆ ಏನೂ ಅನಿಸಿರಲಿಲ್ಲ, ನಾನು ಎಂಥ ಓದುಗಾರ್ತಿ! ಇಬ್ರಾಹಿಂಸಾಬರಿಗೆ ಹತ್ತು ಸಲ ಫೋನು ಹಚ್ಚಿದೆ, ಹತ್ತಲಿಲ್ಲ.

ವೈನಿ, ಆ ಮಾತು ಬರೆಯಲು ನನ್ನ ಕೈ ಏಳುತ್ತಿಲ್ಲ. ಶಿರೂರಿಗೆ ಹೋಗುವುದು ನಿಮಗೆ ಅಷ್ಟು ಭಾರವಾಗಿದ್ದರೆ ಹೋಗಬೇಡಿ. ಬಸರಿಗೇರಿಯಲ್ಲಿರುವುದು ಭಾರವಾಗಿದ್ದರೆ ಅಲ್ಲಿರಬೇಡಿ. ನನ್ನ ಮನೆಗೆ ಬನ್ನಿ. ಅತಿಥಿಗಳು, ಪಟ್ಟಿ ಎಲ್ಲ ಹಾಳಾಗಿ ಹೋಗಲಿ. ನಾನೇ ಮೈಮೇಲೆ ಭೂತ ಬಂದಂತೆ ನಿಮ್ಮ ಹಿಂದೆ ಬಿದ್ದೆ.

ಈ ಬಸ್ಸು ರಾತ್ರಿ ಎಂಟಕ್ಕೆ ನಿಮ್ಮೂರು ಮುಟ್ಟುತ್ತದೆ. ನೀನೂ ಬರಬೇಡ ಎಂದ ನಿಮ್ಮ ಮಾತಿಗೆ ಇದೊಂದು ರಾತ್ರಿ ಇಲ್ಲೇ ನಿಲ್ಲುತ್ತೇನೆ. ನಾಳೆ ಬೆಳಿಗ್ಗೆಯ ಬಸ್ಸಿನಲ್ಲಿ ನಿಮ್ಮ ಕೈಬರಹ ನನಗೆ ಬೇಕು. ಒಂದೇ ಸಾಲು ಸಾಕು. ಬರದಿದ್ದರೆ ಇಳಿದವರನ್ನು ಕೇಳುತ್ತ ನಿಲ್ಲುವುದಿಲ್ಲ, ಕಾರು ಮಾಡಿಕೊಂಡು ಹೊರಡುತ್ತೇನೆ.

ನಾಳೆ ಬೆಳಿಗ್ಗೆ ಕೆರೆಗೆ ಹೋಗಬೇಡಿ. ನಿಮ್ಮ ಕಾಲು ಹಿಡಿಯುತ್ತೇನೆ.

ಜಯಶ್ರೀ


ಬಸರಿಗೇರಿ
19 ಮೇ 2024, ಮುಂಜಾನೆ ಐದು

ಹುಚ್ಚಿ,

ಅಮಸಿದ್ದಪ್ಪ ಗಾಡಿ ಚಾಲೂ ಮಾಡಸ್ಯಾನ. ರಾತ್ರಿ ಕರೆಂಟ್ ಇದ್ದಿಲ್ಲ, ನಿನ್ನ ಕಾಗದ ಈಗ ಓದಿದೆ, ಅರ್ಧ ತಾಸಿನ್ಯಾಗ ಬರೀಬೇಕು. ನಿನ್ನ ಕಾಗದ ಕೊಡುವಾಗ ಆ ಮನಿಶ್ಯಾ ನನ್ನ ಕಾಲು ನೆಲಕ್ಕ ಹತ್ಯಾವೋ ಇಲ್ಲೋ ಅಂತ ನೋಡಿದಂಗ ನೋಡಿದ. 

ಸಾಯಾಕ ಹೋಗೂ ಹೆಣ್ಣಮಗಳು ಮೊಣಕಾಲಿಗೆ ಎಣ್ಣಿ ತಿಕ್ಕೊಂಡು, ಬಗಲಾಗ ಟವೆಲ್ಲು ಇಟಗೊಂಡು, “ಬಂದು ಉಪ್ಪಿಟ್ಟು ಮಾಡ್ತೇನಿ” ಅಂತ ಹೇಳಿ ಹೋಗ್ತಾಳನು? ನಾ ಈಜ ಕಲಿಯಾಕತ್ತೇನಿ, ಜಯಶ್ರೀ.

ಆಣಿ ಮಾಡಿ ಹೇಳ್ತೇನಿ, ಖರೆ. ಕಲಸಾಕಿ ಗುಲಾಬಬಿ. ಆಕಿ ತವರೂರು ಕೃಷ್ಣಾ ದಂಡಿ ಮ್ಯಾಲಿತ್ತು, ಈಗ ಹಿನ್ನೀರಿನ್ಯಾಗ ಮುಣಗೈತಿ. ಸಣ್ಣಾಕಿ ಇದ್ದಾಗ ಅಣ್ಣತಮ್ಮರ ಜೋಡಿ ಹೊಳಿ ದಾಟತಿದ್ದಳಂತ. ಮದವಿ ಆದ ಮ್ಯಾಲ ನಲವತ್ತ ವರ್ಷ ನೀರಿಗೆ ಇಳದಿಲ್ಲ, ಆದ್ರ ಮೈ ಮರತಿಲ್ಲ. ಆಕಿ ನಮಾಜ ಮುಗಿಸಿ ಹತ್ತ ನಿಮಿಷದ ಮ್ಯಾಲ ಬರ್ತಾಳ. ಅಷ್ಟರಾಗ ನಾ ಮುಂದ ಹೋಗಿ ಕಲ್ಲಿನ ಮ್ಯಾಲ ಕುಂತಿರ್ತೇನಿ. ಆ ಹತ್ತ ನಿಮಿಷಾ ನಿಮ್ಮ ಅಮಸಿದ್ದಪ್ಪ ನೋಡ್ಯಾನ.

ಬೆಂಡೋಲಿ ಯಾಕ ಬಿಚ್ಚಿಟ್ಟೆ ಅಂದ್ರ, ಅವ್ವನವು. ನೀರಾಗ ಬಿದ್ರ ಕೆರಿ ಬತ್ತೂತನಕ ಕಾಯಬೇಕು.

ಎರಡ ಒಣಗಿದ ಸೋರಿ ಬುರುಡಿ ಬೆನ್ನಿಗೆ ಕಟ್ಟತಾಳ, ನಿಮ್ಮಣ್ಣಾರು ಮಕ್ಕಳಿಗೆ ಕಟ್ಟತಿದ್ದ ಬುರುಡಿನ ಅವು. ಅಟ್ಟದ ಮ್ಯಾಲಿದ್ದವು. ಮೊದಲನೇ ದಿನಾ ಸೀರಿ ಮ್ಯಾಲ ಇಳದೆ. ಇಳಕಲ್ಲ ಸೀರಿ ನೀರು ಕುಡದು ಕಲ್ಲಾತು, ಗುಲಾಬಬಿ ನನ್ನ ತುರುಬು ಹಿಡದು ಎಳದಳು. ಅವತ್ತ ನಿನಗ ಚೂಡಿದಾರ ಬೇಡಿದ್ದು. ಕೂಲಿ ಹೆಣ್ಣಮಗಳು ಯಾರೂ ಇಲ್ಲ, ತೋಳು ಬಿಗಿ ಆಗಿದ್ದು ನನಗ.

ಯಾಕ ಅಂತ ಕೇಳ್ತಿ. ನೀ ಪಟ್ಟಿ ಕಳಸಿದ ದಿನಾ ನಾ ಅಂಗಳದಾಗ ಹರಗೋಲಿನ ಮ್ಯಾಲ ಕುಂತು ಭಾಳ ಹೊತ್ತು ಯೋಚನಿ ಮಾಡಿದೆ. ಮಂದಿ ಮಕ್ಕಳನ್ನ ನಂಬಿ ಕರಕೊಂಡ ಬರ್ತಾರ. ಕೆರಿ ದಂಡಿ ಮ್ಯಾಲ ಮನಿ ಇಟಗೊಂಡು, ಬರ್ರಿ ಅಂತ ಕರದು, ಕೂಸು ಜಾರಿದ್ರ ದಂಡಿ ಮ್ಯಾಲ ನಿಂತು ಹೊಯ್ಕೊಳ್ಳಾಕಿ ಆದ್ರ ನಾ ಎಂಥಾ ಯಜಮಾನತಿ? ಹರಗೋಲು ನೀರಿಗೆ ಹಾಕಬೇಕಂದ್ರ ನಾ ಮೊದಲ ನೀರಿಗೆ ಬೀಳಬೇಕು. ಜೂನ್ ಒಂದರೊಳಗ ಈಜ ಬಂದ್ರ ಇಲ್ಲೆ ಇರತೇನಿ. ಬರಲಿಲ್ಲಂದ್ರ ಮಾಳಿಂಗರಾಯನ ಮನಿಗೆ ಹೋಗ್ತೇನಿ. ನನಗ ನಾನ ಹಾಕ್ಕೊಂಡ ಕರಾರು ಅದು. ಯಾರಿಗೂ ಹೇಳಿದ್ದಿಲ್ಲ.

ನಿನಗ ಯಾಕ ಹೇಳಲಿಲ್ಲ ಅಂದ್ರ, ನೀ ಅದರ ಮ್ಯಾಲ ಕವಿತಾ ಬರೀತಿ ಅಂತ ಅಂಜಿಕಿ. ಮ್ಯಾಲ ದಾನಮ್ಮ. ಐವತ್ತೆರಡ ವರ್ಷದಾಕಿ ಚೂಡಿದಾರ ಹಾಕ್ಕೊಂಡು ಕೆರ್‍ಯಾಗ ಕಾಲ ಬಡಿಯಾಕತ್ತಾಳ ಅಂತ ಗೊತ್ತಾದ್ರ ಗುಳೇದಗುಡ್ಡದ ಸಂತಿತನಕ ಸಾರತಾಳ. ಅದಕ್ಕ ಆಕಿ ಏಳೂದ್ರಾಗ ಮುಗಿಸಿ ಬರ್ತೇವು.

ಹಾರ್ನ್ ಹೊಡ್ಯಾಕತ್ಯಾನ. ಇವತ್ತೂ ಕೆರಿಗೆ ಹೋಗ್ತೇನಿ. ಕಾಲು ಹಿಡೀಬ್ಯಾಡ, ಕಾಲು ಬಡಿಯೂದು ಈಗಷ್ಟ ಬರಾಕತ್ತೈತಿ.

ಸತ್ಯವ್ವ


ಧಾರವಾಡ
24 ಮೇ 2024

ಪ್ರೀತಿಯ ವೈನಿ,

ನಿಮ್ಮ ಕಾಗದ ಓದಿ ಬಸ್ ನಿಲ್ದಾಣದಲ್ಲಿ ಮೊದಲು ಅತ್ತೆ, ಆಮೇಲೆ ಎಷ್ಟು ನಕ್ಕೆನೆಂದರೆ ಕಬ್ಬಿನ ಹಾಲಿನವನು ತಾನಾಗಿ ಒಂದು ಗ್ಲಾಸು ತಂದುಕೊಟ್ಟ. ಅಮಸಿದ್ದಪ್ಪನಿಗೆ ಏನೂ ಹೇಳಲಿಲ್ಲ. ಪಾಪ, ಅವನು ನನ್ನನ್ನೂ ಕಾಲು ನೆಲಕ್ಕೆ ಹತ್ತಿವೆಯೋ ಎಂದು ನೋಡಿದ.

ಮೌಲ್ಯಮಾಪನಕ್ಕೆ ಇಲ್ಲಿಗೆ ಬಂದಿದ್ದೇನೆ. ಜೂನ್ ಐದರವರೆಗೆ ಬಿಡುವಿಲ್ಲ. ನಾಗರತ್ನಾ ಬರುವಾಗ ನಾನು ಅಲ್ಲಿರುವುದಿಲ್ಲ, ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ನೀವು ಮುಚ್ಚಿಟ್ಟದ್ದನ್ನು ಹೇಳಿದಿರಿ. ಈಗ ನನ್ನ ಸರದಿ. ಮನೆಯಲ್ಲಿ ಜನರ ಸಪ್ಪಳ ಇದ್ದರೆ ನಿಮಗೆ ಒಂಟಿತನ ಇರುವುದಿಲ್ಲ ಎಂದು ಬರೆದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಬಸರಿಗೇರಿಯ ಮನೆಗೆ ಕೀಲಿ ಬಿದ್ದರೆ ನಾಗರಪಂಚಮಿಗೆ ನಾನು ಯಾರ ಮನೆಗೆ ಬರಲಿ? ಅವ್ವ ಅಪ್ಪ ಹೋದ ಮೇಲೆ ಅಣ್ಣ ಇದ್ದ, ಅಣ್ಣ ಹೋದ ಮೇಲೆ ನೀವಿದ್ದೀರಿ. ಹೋದ ಪಂಚಮಿಗೆ ನೀವು ನನ್ನ ಉಡಿಯಲ್ಲಿ ಅಳ್ಳು, ಉಂಡಿ ಹಾಕುವಾಗ ನಿಮ್ಮ ಕೈ ನೋಡುತ್ತ ಇದು ಇನ್ನೆಷ್ಟು ವರ್ಷ ಎಂದುಕೊಂಡಿದ್ದೆ. ನಲವತ್ತೆಂಟಾದರೂ ತವರಿನ ಆಸೆ ಹೋಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೆ ಅತಿಥಿಗಳ ಹೆಸರು ಹೇಳಿದೆ, ಪಟ್ಟಿ ಮಾಡಿದೆ.

ಈಗ ಇಷ್ಟು ಹೇಳುತ್ತೇನೆ. ನೀವು ಕೆರೆಯ ದಂಡೆಯಲ್ಲಿದ್ದರೆ ಅಲ್ಲಿಗೆ ಬರುತ್ತೇನೆ. ಶಿರೂರಿನಲ್ಲಿದ್ದರೆ ಪಂಚಮಿಗೆ ಶಿರೂರಿಗೆ ಬರುತ್ತೇನೆ, ಮಾಳಿಂಗರಾಯನ ಹೆಂಡತಿ ಏನೇ ಅಂದುಕೊಳ್ಳಲಿ. ನನಗಾಗಿ ನೀರಿಗಿಳಿಯಬೇಡಿ. ನಿಮಗೆ ಬೇಕಾಗಿದ್ದರೆ ಇಳಿಯಿರಿ.

ಕವಿತೆ ಬರೆಯುವುದಿಲ್ಲ. ಮಾತು ಕೊಟ್ಟಿದ್ದೇನೆ.

ನಿಮ್ಮ
ಜಯಶ್ರೀ


ಬಸರಿಗೇರಿ
3 ಜೂನ್ 2024

ಚಿರಂಜೀವಿ ಜಯಶ್ರೀಗೆ ವೈನಿಯ ಆಶೀರ್ವಾದ.

ನಾಗರತ್ನಾಬಾಯಾರು ನಿನಗ ಫೋನಿನ್ಯಾಗ ಎಲ್ಲಾ ಹೇಳಿರಬೇಕು. ಆದ್ರ ಅವ್ರು ದಂಡಿ ಮ್ಯಾಲಿದ್ರು, ನಾ ನೀರಾಗಿದ್ದೆ. ಅದಕ್ಕ ನಂದೂ ಒಮ್ಮೆ ಕೇಳು.

ಶನಿವಾರ ಚೊಲೊ ಆತು. ಹುಡಿಗ್ಯಾರು ಇಬ್ರೂ ಮೊಣಕೈತನಕ ಹೂಳ ಬಳಕೊಂಡ್ರು. ಶೀಲಾಬಾಯಾರು ಮೂಗ ಮುಚಗೊಂಡು ಬಂದವ್ರು ತಾವ ಒಂದ ಕುರಿ ಹಿಡದು ತೊಳದ್ರು. ಸೌತಿಕಾಯಿ ತಿಂದ್ರು. ಮಧ್ಯಾಹ್ನ ಬಸರಿ ಗಿಡದ ಬುಡಕ ನಾಕೂ ಮಂದಿ ಮಕ್ಕೊಂಡಿದ್ದು ನೋಡಬೇಕಿತ್ತು ನೀನು, ಐದಕ್ಕ ಎಬ್ಬಸಬೇಕಾತು.

ಐತವಾರ ಮುಂಜಾನಿ ಹರಗೋಲು ನೀರಿಗೆ ಹಾಕಿದ್ವಿ. ಇಬ್ರಾಹಿಂಸಾಬ ವಾರದ ಹಿಂದ ಡಾಂಬರು ಬಳದು ಕೊಟ್ಟಿದ್ದ. ತಾನ ಹುಟ್ಟು ಹಾಕಿ ಎಲ್ಲಾರನ್ನೂ ಎರಡ ಸುತ್ತ ತಿರಗಿಸಿದ. ಆಮ್ಯಾಲ ಹಗ್ಗಾ ಗೂಟಕ್ಕ ಕಟ್ಟಿ ತನ್ನ ಮೀನಿನ ಬಲಿ ನೋಡಾಕ ಆಚಿ ದಂಡಿಗೆ ಹೋದ. ಗುಲಾಬಬಿ ರೊಟ್ಟಿ ಬಡ್ಯಾಕ ಮನಿಗೆ ಹೋದಳು. ನಾವು ಹೆಂಗಸರು ಮಾತಾಡಕೋತ ಕುಂತ್ವಿ. ಹುಡಿಗ್ಯಾರು ಯಾವಾಗ ಮತ್ತ ಹತ್ತಿ ಕುಂತ್ರೋ ಯಾರೂ ನೋಡಲಿಲ್ಲ. ಗೂಟಾ ಬಡದಿದ್ದು ಹಸೀ ಹೂಳಿನ್ಯಾಗ, ಹಿಂದಕ ಸರದ ನೀರಿನ ಜಾಗಾ ಅದು. ಮಿರಗದ ಗಾಳಿ ಒಂದ ಬೀಸು ಬೀಸಿತು. ಗೂಟಾ ಬೇರಿನ ಸಮೇತ ಕಿತ್ತ ಮೂಲಂಗಿ ಬಂದಂಗ ಬಂತು.

ಹರಗೋಲು ತಿರಗಕೋತ ನಡು ಕೆರಿ ಕಡೆ ಹೊಂಟಿತು. ಹುಡಿಗ್ಯಾರು ಮೊದಲ ನಕ್ರು, ಆಮ್ಯಾಲ ಸಣ್ಣಾಕಿ ಎದ್ದು ನಿಂದ್ರಾಕ ನೋಡಿದಳು. “ಕುಂದ್ರು, ಅಲ್ಲೆ ಕುಂದ್ರು!” ಅಂತ ನಾ ಒದರಿದೆ. ನಾಗರತ್ನಾಬಾಯಾರು ನೀರಿಗೆ ಹೋಗಾಕ ನೋಡಿದ್ರು, ಅವರಿಗೆ ಈಜ ಬರಂಗಿಲ್ಲ. ಅಕ್ಕ ಅವರ ಸೊಂಟಾ ಹಿಡದು ನಿಂತ್ರು. ಆಚಿ ಕಡೆ ಕುರಿ ತೊಳಿಯೂ ಗಂಡಸರು ನಮ್ಮ ಕೂಗು ಕೇಳಿ ಓಡಿ ಬರಾಕ ಏರಿ ಸುತ್ತ ಹಾಕಬೇಕು. ಅರವಿ ತೊಳ್ಯಾಕ ಬಂದ ದಾನಮ್ಮ ಮಾತ್ರ ಹತ್ತ ಮಾರ ದೂರಿದ್ದಳು.

ಜಯಶ್ರೀ, ನನ್ನ ಸೀರಿ ಒಳಗ ಮುಂಜಾನಿಂದ ನಿನ್ನ ಹಸರ ಚೂಡಿದಾರ ಇತ್ತು. ಬೇಕಾದೀತು ಅಂತ ಹಾಕ್ಕೊಂಡಿದ್ದೆ, ಬೇಕಾಗದಿರಲಿ ಅಂತ ಬೀರಪ್ಪಗ ಬೇಡಕೊಂಡಿದ್ದೆ. ಸೀರಿ ಬಿಚ್ಚಿ ದಾನಮ್ಮನ ಅರವಿ ಕಲ್ಲಿನ ಮ್ಯಾಲ ಒಗದೆ. ಹಾಡಾಹಗಲ, ಅಷ್ಟ ಮಂದಿ ಮುಂದ. ಆಕಿ ಬಾಯಿ ತಗದಿದ್ದು ಕಂಡೆ, ಏನಂದಳೋ ಕೇಳಲಿಲ್ಲ.

ಬುರುಡಿ ಇಲ್ಲದ ಅದ ಮೊದಲನೇ ಸಲ. ಅರ್ಧ ದಾರಿತನಕ ಹೋದೆ, ಅಲ್ಲಿ ಧೈರ್ಯ ಮುಗೀತು. ಎರಡೂ ಕೈಲೆ ನೀರು ತಬ್ಬಾಕ ಹೋದೆ. ತಬ್ಬಿದಷ್ಟೂ ಅದು ಜಾರತೈತಿ, ನಾ ಕೆಳಗ ಹೋಗ್ತೇನಿ. ಎರಡ ಗುಟಕ ಕುಡದೆ. ಆವಾಗ ನಿನ್ನ ಸಾಲು ನೆನಪಾತು. ಅದು ಕವಿತಾ ಅಲ್ಲ. ನಿಮ್ಮಣ್ಣಾರು ಮಕ್ಕಳಿಗೆ ಕಲಸುವಾಗ ಹೇಳತಿದ್ರು. “ನೀರು ಹಿಡ್ಯಾಕ ಹೋಗಬ್ಯಾಡ, ಬೆನ್ನ ಕೊಡು.” ಮೂವತ್ತ ಬ್ಯಾಸಗಿ ನಾ ಅದನ್ನ ದಂಡಿ ಮ್ಯಾಲ ರೊಟ್ಟಿ ಗಂಟು ಹಿಡಕೊಂಡು ಕುಂತು ಕೇಳೇನಿ. ಊರ ಮಕ್ಕಳಿಗೆಲ್ಲಾ ಹೇಳಿದ್ರು, ನನಗ ಒಂದ ದಿನಾ ಬಾ ಅನ್ನಲಿಲ್ಲ. ನಾನೂ ಬರ್ತೇನಿ ಅನ್ನಲಿಲ್ಲ. ಆ ಸಿಟ್ಟು ನನಗಿತ್ತು, ಅದಕ್ಕ ನಿನಗ ಅವತ್ತ ಉಳದ ಅರ್ಧಾ ಹೇಳಲಿಲ್ಲ. ನೀರು ಕುಡಕೋತ ಇರುವಾಗ ಆ ಸಿಟ್ಟು ಯಾತಕ್ಕೂ ಬರಂಗಿಲ್ಲ ಅಂತ ತಿಳೀತು. ತಿರಗಿದೆ, ಬೆನ್ನ ಕೊಟ್ಟೆ. ನೀರು ನನ್ನ ಹೊತ್ತಕೊಂತು.

ಆಮ್ಯಾಲ ಮಕ್ಕೊಂಡ ಕಾಲ ಬಡಕೋತ ಹೋದೆ. ಹಗ್ಗಾ ಕೈಗೆ ಸಿಕ್ಕಿತು, ಸೊಂಟಕ್ಕ ಸುತಗೊಂಡೆ, ಹಂಗ ಎಳಕೋತ ತಿರಗಿ ಬಂದೆ. ದಂಡಿ ಹತ್ತರ ಗುಲಾಬಬಿ ಹಿಟ್ಟಿನ ಕೈಲೆ ಕುತಗಿತನಕ ನೀರಾಗ ನಿಂತಿದ್ದಳು. “ಕಾಲ ಅಗಲ ಬಡಿಯಾಕತ್ತಿ, ಕಪ್ಪಿ ಬಡದಂಗ” ಅಂದಳು. ಮಕ್ಕಳನ್ನ ಇಳಸಿ ಆಕಿ ಅತ್ತಳು, ನಾ ಅಳಲಿಲ್ಲ. ಸಣ್ಣ ಹುಡಿಗಿ ಕಣ್ಣ ಒರಸಕೋತ ಕೇಳಿದಳು, “ಆಯಿ, ಇನ್ನೊಮ್ಮೆ ಬಿಡ್ತೀರೇನ?” ಆಕಿ ಅವ್ವ ಒಂದ ಏಟ ಕೊಟ್ರು.

ಮನಿಗೆ ಬಂದು ಕನ್ನಡಿ ನೋಡಕೊಂಡ್ರ ಎಡಗಿವಿ ಖಾಲಿ. ಮಂದಿ ಬಂದಾರಂತ ಅವತ್ತ ಬೆಂಡೋಲಿ ಬಿಚ್ಚಿರಲಿಲ್ಲ.

ಇವತ್ತ ಮುಂಜಾನಿ ಮಾಳಿಂಗರಾಯ ಟ್ರ್ಯಾಕ್ಟರ್ ತಗೊಂಡ ಬಂದಿದ್ದ, ನನ್ನ ಸಾಮಾನ ಹೇರಾಕ. ಕೆರಿ ಸುದ್ದಿ ಅವಗ ಮುಟ್ಟಿತ್ತು. “ಇನ್ನರ ನಡಿ ಅಕ್ಕಾ, ಸಾಕು” ಅಂದ. ನಾ ಕಿವಿ ತೋರಿಸಿದೆ. “ಅವ್ವನ ಬೆಂಡೋಲಿ ಕೆರ್‍ಯಾಗ ಐತಿ. ಮುಂದಿನ ಬ್ಯಾಸಗಿಗೆ ನೀರು ಇಳೀತೈತಿ, ಆವಾಗ ಹುಡಕಬೇಕು. ಅಲ್ಲಿತನಕ ಹೆಂಗ ಬರ್ಲೊ?” ಅಂದೆ. 

“ಒಂದ ಬೆಂಡೋಲಿ ಸಲುವಾಗಿ?” ಅಂದ. 

“ಸಿಗಲಿಲ್ಲಂದ್ರ ಅದರ ಮುಂದಿನ ಬ್ಯಾಸಗಿ” ಅಂದೆ. 

ನನ್ನ ಮಾರಿ ನೋಡಿದ. ನಕ್ಕಬಿಟ್ಟ, ನಮ್ಮಪ್ಪ ನಕ್ಕಂಗ. ಟ್ರ್ಯಾಕ್ಟರ್ ಖಾಲಿ ಕಳಸೂದು ಬ್ಯಾಡಂತ ಹೂಳ ತುಂಬಿ ಕಳಸೇನಿ. ಅವನ ಹೊಲಕ್ಕ ನಮ್ಮ ಕೆರಿ ಮಣ್ಣ ಹೋತು, ಆತಿಲ್ಲೋ ಲೆಕ್ಕಾ ಚುಕ್ತಾ?

ಪಂಚಮಿಗೆ ನೀ ಶಿರೂರಿಗೆ ಹೋಗೂ ಕೆಲಸಿಲ್ಲ. ಬಸರಿ ಗಿಡಕ್ಕ ಜೋಕಾಲಿ ನಾನ ಕಟಸ್ತೇನಿ. ಬರುವಾಗ ಇನ್ನೊಂದ ಹಳೇ ಚೂಡಿದಾರ ತಗೊಂಬಾ, ದೊಡ್ಡ ಅಳತಿದು. ಯಾಕಂತ ಹೇಳ್ತೇನಿ.

ಈಗೊಂದ ತಾಸಿನ ಹಿಂದ ಬಾಗಲಾ ಬಡದ ಸಪ್ಪಳಾತು. ತಗದ್ರ ದಾನಮ್ಮ. ಕೈಯಾಗ ನಾ ಒಗದ ಸೀರಿ, ತೊಳದು ಒಣಗಿಸಿ, ಮಡಚಿ ತಂದಿದ್ದಳು. ಬೈಯಾಕ ಬಂದಾಳ ಅಂತ ನಾ ಸೆರಗ ಸರಿಮಾಡಕೊಂಡು ನಿಂತೆ. ಹೊಸ್ತಲ ದಾಟಲಿಲ್ಲ. ಸೀರಿ ನನ್ನ ಕೈಯಾಗಿಟ್ಟಳು. ಆ ಕಡೆ ಈ ಕಡೆ ನೋಡಿದಳು, ಓಣ್ಯಾಗ ಯಾರಿದ್ದಿಲ್ಲ. ಸಣ್ಣ ದನಿಲೆ ಕೇಳಿದಳು:

“ಆ ಹಸರ ಅಂಗಿ ಆರೇತೇನ? ನನ್ನ ಮೈಗೆ ಹಿಡಸತೈತೇನ ನೋಡ್ತಿದ್ದೆ.”